ಚಿತ್ರದಲ್ಲಿ ಇಲ್ಲದ ಕೆಂಪು

ಕುರ್ಚಿ ಖಾಲಿಯಿತ್ತು. ಚಿತ್ರ ಮಾತ್ರ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತಿತ್ತು.

ರಾತ್ರಿ ಹುಡುಗಿಯ ಕೋಣೆಯ ಬಾಗಿಲ ಬಳಿ ಮುಚ್ಚಿಟ್ಟ ಊಟ ಹಾಗೇ ಇದೆ, ಹಾಸಿಗೆಯಲ್ಲಿ ಯಾರೂ ಮಲಗಿಲ್ಲ ಎಂದು ಹುಡುಕಿಕೊಂಡು ಬಂದ ಅಡುಗೆಯಾಕೆ ಮೊದಲು ನೋಡಿದ್ದು ಅದನ್ನೇ. ಕೆರೆಯ ಮೇಲಕ್ಕೆ ಚಾಚಿದ ಬಂಡೆ. ಅದರ ಮೇಲೆ ಮಡಚುವ ಕುರ್ಚಿ, ಬಣ್ಣದ ಪೆಟ್ಟಿಗೆ, ಇನ್ನೂ ಒಣಗದ ಕ್ಯಾನ್‌ವಾಸ್. ಆಮೇಲೆ ಬಗ್ಗಿ ಕೆಳಗೆ ನೋಡಿದಳು. ನೀರಿನಲ್ಲಿ ಬಿಚ್ಚಿದ ಕೂದಲು ಅಲ್ಲಾಡುತ್ತಿತ್ತು.

ಆಕೆ ಕಿರುಚಲಿಲ್ಲ. “ಕರೆದೇಬಿಟ್ಲಲ್ಲೇ ನಿಮ್ಮಕ್ಕ,” ಎಂದು ಅಲ್ಲೇ ಕುಸಿದು ಕೂತಳು.

ಅಕ್ಕ ಮುಳುಗಿದ್ದೂ ಇದೇ ಕೆರೆಯಲ್ಲಿ, ಇದೇ ಚಿತ್ರಕಲಾ ಶಿಬಿರದಲ್ಲಿ, ಎರಡು ವರ್ಷದ ಹಿಂದೆ. ಆಗ ಪೊಲೀಸರು ಆತ್ಮಹತ್ಯೆ ಎಂದು ಬರೆದು ಕೈ ತೊಳೆದುಕೊಂಡಿದ್ದರು. ಈಗ ತಂಗಿ.

ಇನ್ಸ್‌ಪೆಕ್ಟರ್ ಬಂದಾಗ ಬಿಸಿಲೇರಿತ್ತು. ಚಿತ್ರಕಲೆಯ ಗಂಧಗಾಳಿಯೂ ಇಲ್ಲದ ಹೆಂಗಸು. ಆಕೆಯ ಮನೆಯ ಗೋಡೆಯ ಮೇಲಿದ್ದದ್ದು ಒಂದೇ ಒಂದು ಕ್ಯಾಲೆಂಡರ್, ಅದೂ ಹೋದ ವರ್ಷದ್ದು. ಜೊತೆಗೆ ಬಂದ ದಫೇದಾರ ಬಂಡೆಯ ಬುಡದಲ್ಲೇ ನಿಂತುಬಿಟ್ಟ.

“ಮೇಡಂ, ಈ ಕೆರೆ ಸರಿ ಇಲ್ಲ. ಸಂಜೆ ಹೊತ್ತು ನೀರಿನ ಮೇಲೆ ಕೆಂಪು ಬಟ್ಟೆ ಕಾಣತ್ತಂತೆ. ಅಕ್ಕ ಮುಳುಗಿದಾಗ ಕೆಂಪು ಸ್ವೆಟರ್ ಹಾಕಿದ್ಲಂತೆ.”

“ಯಾರು ನೋಡಿದ್ದು?”

“ಅಡುಗೆಯಾಕೆ.”

“ನೀವು ನೋಡಿದ್ರಾ?”

“ನಾನ್ಯಾಕೆ ನೋಡ್ಲಿ ಮೇಡಂ? ನಂಗೆ ಹೆಂಡ್ತಿ ಮಕ್ಕಳಿದ್ದಾರೆ.”

ಶವವನ್ನು ಮೇಲೆತ್ತಿದರು. ತಲೆಯ ಹಿಂಭಾಗದಲ್ಲಿ ಕಲ್ಲು ತಗುಲಿದ ಗಾಯವಿತ್ತು. ಬೆರಳುಗಳ ಸಂದಿಯಲ್ಲಿ ಬಣ್ಣ.

“ಬೆನ್ನು ಕೊಟ್ಟು ಬಿದ್ದಿದ್ದಾಳೆ,” ಎಂದಳು ಇನ್ಸ್‌ಪೆಕ್ಟರ್. “ಸಾಯೋಕೆ ಹೊರಟವರು ನೀರಿಗೆ ಮುಖ ಮಾಡ್ತಾರೆ.”

“ಕಾಲು ಜಾರಿರಬಹುದು.”

“ಇರಬಹುದು.”

ಆಕೆ ಕೊರಳಿಗೆ ಜೋತುಬಿದ್ದಿದ್ದ ಕನ್ನಡಕ ಏರಿಸಿಕೊಂಡು ಚಿತ್ರದ ಮುಂದೆ ಬಗ್ಗಿದಳು. ಕೆರೆಯ ನೀರು, ನೀರಿನಲ್ಲಿ ನಿಂತ ಒಣಮರ, ಆಚೆ ಗುಡ್ಡ, ಗುಡ್ಡಕ್ಕೆ ಆಗಷ್ಟೇ ತಾಗಿದ ಸೂರ್ಯ. ಎದುರಿಗೆ ಕಾಣುವುದೂ ಅದೇ. ಹಸಿ ಬಣ್ಣದ ಮೇಲೆಲ್ಲ ಎಳ್ಳು ಉದುರಿಸಿದ ಹಾಗೆ ನುಸಿಗಳು ಅಂಟಿ ಸತ್ತಿದ್ದವು. ನೀರಿನ ನಡುವೆ ಅಂಗೈಯಗಲದ ಒಂದು ಜಾಗ ಮಾತ್ರ ನುಣ್ಣಗಿತ್ತು.

ಪಕ್ಕದಲ್ಲಿ ಬಣ್ಣ ಕಲಸುವ ಹಲಗೆ. ಅದರ ಅಂಚಿನಲ್ಲಿ ಕೆಂಪಿನ ಒಂದು ಗುಡ್ಡೆ. ಒಂದು ಸಣ್ಣ ಕುಂಚದ ತುದಿಯೂ ಕೆಂಪು.

ಚಿತ್ರದಲ್ಲಿ ಎಲ್ಲೂ ಕೆಂಪಿರಲಿಲ್ಲ.

“ಇದನ್ನ ಹೀಗೇ ಪೆಟ್ಟಿಗೆಗೆ ಹಾಕಿ,” ಎಂದಳು. “ಯಾರಾದ್ರೂ ಮುಟ್ಟಿದ್ರೆ ಕೈ ಮುರೀತೀನಿ.”

*

ಶಿಬಿರದವರು ಇದ್ದದ್ದು ಕೆರೆಯ ಮೇಲಿನ ಕಲ್ಲುಮನೆಯಲ್ಲಿ. ವರ್ಷಕ್ಕೊಮ್ಮೆ ಚಿತ್ರಕಲೆಯ ಮೇಷ್ಟ್ರು ಶಿಷ್ಯರಲ್ಲಿ ಕೆಲವರನ್ನು ಆರಿಸಿ ಇಲ್ಲಿಗೆ ಕರೆತರುತ್ತಿದ್ದರು. ಬೆಳಿಗ್ಗೆ ತಿಂಡಿ ತಿಂದು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಬೇಕು. ಬಯಲಲ್ಲಿ ಕೂತು ಬರೆಯಬೇಕು. ಮನೆಯೊಳಗೆ ಕುಂಚ ಹಿಡಿದವರಿಗೆ ಬೈಗುಳ ಗ್ಯಾರಂಟಿ. ಹಜಾರದ ಬಾಗಿಲ ಮೇಲೆ ಅವರ ಕೈಬರಹದಲ್ಲೇ ಇತ್ತು: ಕಂಡದ್ದನ್ನು ಬರೆ, ಕಾಣದ್ದನ್ನು ಬಿಡು.

ಮೇಷ್ಟ್ರು ನೀಟಾಗಿ ಕ್ಷೌರ ಮಾಡಿಕೊಂಡ, ಇಸ್ತ್ರಿ ಅಂಗಿಯ ಮನುಷ್ಯ. ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಮಾತ್ರ ಎಷ್ಟು ತೊಳೆದರೂ ಹೋಗದ ಬಣ್ಣ ಕೂತಿತ್ತು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಎರಡು ವರ್ಷದ ಹಿಂದೆ ಬರೆದ, ಅವರಿಗೆ ಹೆಸರು ತಂದ ಚಿತ್ರ. ಅದೇ ಕೆರೆ, ಅದೇ ಒಣಮರ, ಅದೇ ಗುಡ್ಡ. ಆದರೆ ನೀರಿನ ನಡುವೆ ಉಗುರಿನಷ್ಟು ದೊಡ್ಡ ಒಂದು ಕೆಂಪು ಬೊಟ್ಟು. ಆ ಒಂದು ಬೊಟ್ಟಿನಿಂದಲೇ ಚಿತ್ರಕ್ಕೆ ಜೀವ ಬಂದಿದೆ ಎಂದು ಬಲ್ಲವರು ಹೊಗಳಿ ಹೊಗಳಿ ಅಟ್ಟಕ್ಕೇರಿಸಿದ್ದರು.

“ನಿನ್ನೆ ಸಂಜೆ ನೀವೆಲ್ಲಿದ್ರಿ?”

“ತಲೆನೋವು. ಮಧ್ಯಾಹ್ನದಿಂದ ಬಾಗಿಲು ಹಾಕ್ಕೊಂಡು ಮಲಗಿದ್ದೆ. ಊಟಕ್ಕೆ ಎದ್ದೆ.”

“ಬಂಡೆ ಕಡೆ ಹೋಗಿದ್ರಾ?”

“ಕಾಲೇ ಇಡಲಿಲ್ಲ.”

“ಅವಳಕ್ಕ ಸತ್ತ ಸಂಜೆ?”

ಮೇಷ್ಟ್ರು ಕಣ್ಣು ಮುಚ್ಚಿ ತೆರೆದರು. “ಆಗಲೂ ಮನೆಯಲ್ಲೇ. ಹೇಳಿಕೆ ಕೊಟ್ಟಿದ್ದೀನಲ್ಲ. ಆ ಮನೆತನದಲ್ಲೇ ಏನೋ ದುಃಖ ಇದೆ. ತಂಗಿಯನ್ನ ಸೇರಿಸ್ಕೊಂಡಿದ್ದೇ ನನ್ನ ತಪ್ಪು.”

ಅಡುಗೆಯಾಕೆ ಬೇರೆ ಮಾತು ಹೇಳಿದಳು. “ಸಂಜೆ ಚಹಾ ತಗೊಂಡ್ಹೋಗಿ ಮೇಷ್ಟ್ರ ಬಾಗಿಲು ಬಡಿದೆ. ಉತ್ತರ ಇಲ್ಲ. ಹೊರಗಿಟ್ಟು ಬಂದೆ. ಆಮೇಲೆ ನೋಡಿದ್ರೆ ಕೆನೆ ಕಟ್ಟಿ ಹಾಗೇ ಇತ್ತು.”

“ಮಲಗಿರಬಹುದಲ್ವಾ?”

“ಮಲಗಿರಬಹುದು. ಆದ್ರೆ ಅವರಿಗೆ ಚಹಾ ಅಂದ್ರೆ ಹೆಣನೂ ಎದ್ದು ಕೂರೋ ಥರ,” ಎಂದವಳು ತನ್ನ ಮಾತಿಗೆ ತಾನೇ ಬೆಚ್ಚಿ ಬಾಯಿಗೆ ಸೆರಗು ಹಿಡಿದಳು.

*

ತಾಯಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಶಾಲೆಯಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದ ಹೆಂಗಸು. ಕೈಚೀಲದಲ್ಲಿ ಅರ್ಧ ಹೆಣೆದ ಉಲ್ಲನ್ ಬಟ್ಟೆ ಇತ್ತು. ಗಾಬರಿಯಲ್ಲಿ ಅದನ್ನೂ ಎತ್ತಿಕೊಂಡು ಬಂದಿದ್ದಳು. ಅಳಲಿಲ್ಲ. ಅಳುವುದನ್ನು ಯಾವತ್ತೋ ಮುಗಿಸಿದವಳ ಹಾಗಿದ್ದಳು.

“ದೊಡ್ಡವಳು ಹೋದಾಗ ಜನ ಏನಂದ್ರು ಗೊತ್ತಾ? ಅಮ್ಮ ತುಂಬ ಬಿಗಿ, ಅದಕ್ಕೇ ಮಗಳು ನೀರು ನೋಡ್ಕೊಂಡ್ಲು ಅಂದ್ರು. ಈಗ ಇವಳು. ಇನ್ನು ನಾನು ಬೀದಿಗೆ ಮುಖ ತೋರಿಸೋದು ಹೋಗ್ಲಿ, ಕನ್ನಡಿಗೆ ತೋರಿಸ್ಬೇಕಲ್ಲ.”

“ತನಿಖೆ ನಡೀತಿದೆ ಅಮ್ಮ.”

“ಯಾರು, ಯಾಕೆ ಅಂತ ಆಮೇಲೆ ಹೇಳಿ. ನಂಗೆ ಮೊದಲು ಒಂದೇ ಒಂದು ಹೇಳಿ.” ತಾಯಿ ಇನ್ಸ್‌ಪೆಕ್ಟರಳ ಮಣಿಕಟ್ಟು ಹಿಡಿದಳು. “ನನ್ನ ಮಕ್ಕಳು ತಾವಾಗೇ ನೀರಿಗೆ ಇಳಿದ್ರಾ?”

ಇನ್ಸ್‌ಪೆಕ್ಟರ್ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಸುಳ್ಳು ಸಮಾಧಾನ ಹೇಳಿ ಆಕೆಗೆ ಅಭ್ಯಾಸವಿರಲಿಲ್ಲ, ನಿಜ ಇನ್ನೂ ಕೈಗೆ ಸಿಕ್ಕಿರಲಿಲ್ಲ.

ಇಬ್ಬರೂ ಕಿರಿಯವಳ ಕೋಣೆಯ ಬಾಗಿಲು ತೆಗೆದರು. ಅದು ಒಂದು ಕಾಲಕ್ಕೆ ಅಕ್ಕನದೇ ಕೋಣೆ. ಕಿರಿಯವಳು ಹಟ ಹಿಡಿದು ಅದನ್ನೇ ಕೇಳಿ ಪಡೆದಿದ್ದಳಂತೆ. ಬಾಗಿಲ ಹಿಂದೆ ಅಕ್ಕನ ಬಣ್ಣದ ಕಲೆಯ ಮೇಲಂಗಿ ತೂಗುತ್ತಿತ್ತು. ಗೋಡೆಯುದ್ದಕ್ಕೂ ಚಿತ್ರಗಳನ್ನು ಒರಗಿಸಿಟ್ಟಿತ್ತು.

ಎಲ್ಲವೂ ಒಂದೇ ಚಿತ್ರ. ಅದೇ ನೀರು, ಅದೇ ಒಣಮರ, ಗುಡ್ಡಕ್ಕೆ ತಾಗುವ ಅದೇ ಸೂರ್ಯ. ದಿನಕ್ಕೊಂದು. ಹಗಲಿಡೀ ಸುಮ್ಮನಿದ್ದು ಆ ಒಂದು ಹೊತ್ತಿಗೇ ಬಂಡೆಗೆ ಹೋಗುತ್ತಿದ್ದಳು ಎಂದು ಎಲ್ಲರೂ ಹೇಳಿದ್ದು ನಿಜವಾಗಿತ್ತು. ಪ್ರತಿಯೊಂದು ಚಿತ್ರದಲ್ಲೂ ನೀರಿನ ನಡುವೆ, ಒಂದೇ ಜಾಗದಲ್ಲಿ, ಕಿರುಬೆರಳಿನಷ್ಟು ಬಣ್ಣವೇ ತಾಗಿಸದ ಬಿಳಿ ಜಾಗ ಉಳಿದಿತ್ತು. ಸಾಲಾಗಿ ನೋಡಿದರೆ ಯಾರೋ ಆ ನೀರಿನಲ್ಲಿ ದಿನವೂ ನಿಂತು ಕಾಯುತ್ತಿರುವಂತೆ ಕಾಣುತ್ತಿತ್ತು.

ತಾಯಿ ಒಂದರ ಬಿಳಿ ಜಾಗದ ಮೇಲೆ ಬೆರಳಿಟ್ಟಳು. “ಇಲ್ಲಿ ಯಾಕೆ ಬಿಟ್ಟಿದ್ದಾಳೆ? ಹೆಣಿಗೆಯಲ್ಲಿ ಒಂದು ಕಣ್ಣು ಬಿಟ್ಟುಹೋದ ಹಾಗೆ.”

ಬಂಡೆಯ ಮೇಲೆ ಸಿಕ್ಕ ಕೊನೆಯ ಚಿತ್ರದಲ್ಲಿ ಮಾತ್ರ ಆ ಬಿಳಿ ಇರಲಿಲ್ಲ. ಅದೇ ಜಾಗ ನುಣ್ಣಗಿತ್ತು, ಬರೀ ನೀರು.

*

ದಫೇದಾರನ ಪ್ರಕಾರ ಕೇಸು ಮುಗಿದಿತ್ತು. ಶಿಬಿರದಲ್ಲಿ ಸದಾ ಟೋಪಿ ಹಾಕಿಕೊಂಡೇ ಇರುವ ಒಬ್ಬ ಚಿತ್ರಕಾರನಿದ್ದ. ಸ್ನಾನಕ್ಕೆ ಹೋಗುವಾಗಲೂ ತೆಗೆಯುವುದಿಲ್ಲ ಎಂದು ತಮಾಷೆ ಮಾಡಿ ಎಲ್ಲರೂ ಅವನನ್ನು ಟೋಪಿ ಎಂದೇ ಕರೆಯುತ್ತಿದ್ದರು. ಬಂಡೆಯ ಹಾದಿಯ ಕೆಸರಿನಲ್ಲಿ ಅವನ ಬೂಟಿನ ಗುರುತಿತ್ತು. ಅಂಗಿಯ ತೋಳಿನ ಮೇಲೆ ಕೆಂಪು ಬಣ್ಣ. ಆ ಬಂಡೆ ತನಗೆ ಬೇಕೆಂದು ಕಿರಿಯವಳ ಜೊತೆ ಜಗಳವನ್ನೂ ಆಡಿದ್ದ.

“ಬೇಡಿ ತರ್ಲಾ ಮೇಡಂ?”

“ಮೊದ್ಲು ಕುರ್ಚಿ ತನ್ನಿ.”

ಟೋಪಿ ಕುರ್ಚಿಯ ಅಂಚಿನಲ್ಲಿ ಕೂತ. “ಜಗಳ ಆಡಿದ್ದು ಹೌದು. ಆಮೇಲೆ ನಾವೇ ರಾಜಿ ಆದ್ವಿ. ನಿನ್ನೆ ಅವಳೇ ಬಂದು ಕೆಂಪು ಕೇಳಿದ್ಲು.”

“ಅವಳ ಹತ್ರ ಇರಲಿಲ್ವಾ?”

“ಅಕ್ಕ ಹೋದ ಮೇಲೆ ಅವಳು ಕೆಂಪು ಮುಟ್ಟಿದ್ದೇ ಇಲ್ಲ. ಪೆಟ್ಟಿಗೆಯಲ್ಲಿ ಇಡ್ತಾನೇ ಇರ್ಲಿಲ್ಲ. ನಾನೇ ಬಂಡೆವರೆಗೂ ಹೋಗಿ ಹಲಗೆ ಮೇಲೆ ಹಿಂಡಿ ಕೊಟ್ಟು ಬಂದೆ.”

“ಯಾತಕ್ಕೆ ಅಂತ ಕೇಳಲಿಲ್ವಾ?”

“ಕೇಳಿದೆ.” ಟೋಪಿ ದಫೇದಾರನ ಕಡೆ ನೋಡಿದ. “ಇವತ್ತು ಮೋಡ ಇಲ್ಲ, ಇವತ್ತು ಕಾಣ್ತಾಳೆ ಅಂದ್ಲು.”

ದಫೇದಾರ ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದ.

“ಆಗ ಬಿಸಿಲಿತ್ತಾ?”

“ಇತ್ತು. ನುಸಿ ಏಳೋಕೆ ಮುಂಚೆ ಓಡಿ ಬಂದೆ. ನಂಗೆ ಅದು ಆಗಲ್ಲ. ಬಂದವನು ಹಲ್ಲುನೋವಂತ ವರಾಂಡದಲ್ಲಿ ಕೂತೆ.”

ಶಿಬಿರದ ಇನ್ನೊಬ್ಬ ಸದಸ್ಯೆ ನಿವೃತ್ತ ದಂತವೈದ್ಯೆ. ಆಕೆ ಬರೆದ ಬಂಡೆಗಳೆಲ್ಲ ದವಡೆ ಹಲ್ಲಿನಂತೆ ಇರುತ್ತವೆ ಎಂಬ ದೂರಿತ್ತು. ಆಕೆ ತಲೆಯಾಡಿಸಿದಳು.

“ಬಿಸಿಲು ಇಳಿಯೋದಕ್ಕೆ ಮುಂಚೆಯಿಂದ ಊಟದವರೆಗೂ ನನ್ನೆದುರಿಗೇ ಇದ್ದ. ಕೊಲೆ ಮಾಡೋದಿರಲಿ, ಅವನಿಗೆ ಮಾತಾಡೋಕೂ ಆಗ್ತಿರ್ಲಿಲ್ಲ. ನನ್ನ ಕೈ ಅವನ ಬಾಯೊಳಗಿತ್ತು.”

ಬೇಡಿ ದಫೇದಾರನ ಜೇಬಿಗೆ ವಾಪಸ್ ಹೋಯಿತು. ಇನ್ಸ್‌ಪೆಕ್ಟರ್ ಟೋಪಿಯ ಚಿತ್ರಗಳ ಮುಂದೆ ಹಾಗೇ ನಿಂತಳು. ಪ್ರತಿಯೊಂದರಲ್ಲೂ ಎಲ್ಲೋ ಒಂದು ಕಡೆ ಬಣ್ಣ ಒರೆಸಿದಂತೆ ಅಗಲವಾಗಿ ಎಳೆದ ಗುರುತಿತ್ತು.

“ಇದೇನು?”

“ಮೇಷ್ಟ್ರ ಹೆಬ್ಬೆರಳು. ತಪ್ಪು ಕಂಡ್ರೆ ಅವರಿಗೆ ಕುಂಚ ಎತ್ತೋಷ್ಟೂ ತಾಳ್ಮೆ ಇರಲ್ಲ. ಹೆಬ್ಬೆರಳಲ್ಲೇ ತಿದ್ದಿಬಿಡ್ತಾರೆ. ನಮ್ಮೆಲ್ಲರ ಚಿತ್ರದಲ್ಲೂ ಇದೆ.”

ಇನ್ಸ್‌ಪೆಕ್ಟರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಆಮೇಲೆ ಒಂದು ವಿಚಿತ್ರ ಬೇಡಿಕೆ ಇಟ್ಟಳು. “ಒಂದು ಹಲಗೆಗೆ ಪೂರ್ತಿ ಹಸಿ ಬಣ್ಣ ಬಳಿದು ಕೊಡ್ತೀರಾ? ಯಾವ ಬಣ್ಣ ಆದ್ರೂ ಸರಿ.”

*

ಸಂಜೆ ಆಕೆ ಆ ಹಲಗೆ ಹಿಡಿದು ಬಂಡೆಯ ಮೇಲೆ ಕೂತಳು. ಪಕ್ಕದಲ್ಲಿ ದಫೇದಾರ, ಒಲ್ಲದ ಮನಸ್ಸಿನಿಂದ.

ಬಿಸಿಲಿರುವವರೆಗೂ ಹಲಗೆ ಸ್ವಚ್ಛವಾಗಿತ್ತು. ಸೂರ್ಯ ಗುಡ್ಡಕ್ಕೆ ತಾಗಿದ. ಆಗ ನೀರಿನಿಂದ ಹೊಗೆಯ ಹಾಗೆ ನುಸಿಗಳು ಎದ್ದವು. ಮೂಗು, ಕಣ್ಣು, ಕಿವಿ, ಹಲಗೆ, ಎಲ್ಲೆಲ್ಲೂ. ಸೂರ್ಯ ಮುಳುಗಿ ಗುಡ್ಡದ ಗಾಳಿ ಬೀಸಿದ್ದೇ ತಡ, ಒಂದೂ ಉಳಿಯಲಿಲ್ಲ.

ದಫೇದಾರ ಸುಮ್ಮನಿರಲಾರದೆ ಒಂದು ಕೋಲು ಎತ್ತಿ ಒಣಮರದತ್ತ ಎಸೆದ. ಹೆಚ್ಚು ಬಲ ಹಾಕದೆಯೇ ಅದು ಮರದ ಬುಡಕ್ಕೆ ಹೋಗಿ ಬಿತ್ತು.

“ಇಷ್ಟು ಹತ್ರಾನಾ?” ಎಂದ. ಅವನ ಧ್ವನಿ ಬದಲಾಗಿತ್ತು. “ಇಲ್ಲಿ ಒಬ್ಬರು ಇದ್ದಿದ್ರೆ ಆ ಅಕ್ಕ ಬದುಕ್ತಿದ್ಲಲ್ಲ ಮೇಡಂ. ಒಂದು ಕೊಂಬೆ ಚಾಚಿದ್ರೆ ಸಾಕಿತ್ತು.”

ಇನ್ಸ್‌ಪೆಕ್ಟರ್ ನೀರನ್ನೇ ನೋಡುತ್ತಿದ್ದಳು. ಕೊನೆಯ ಬೆಳಕಿನಲ್ಲಿ, ಮರದ ಪಕ್ಕ, ಕ್ಷಣಹೊತ್ತು ಏನೋ ಕೆಂಪಗೆ ಕಂಡಂತಾಯಿತು. ಕಣ್ಣುಜ್ಜಿ ನೋಡಿದರೆ ನೀರು ಕಪ್ಪಾಗಿತ್ತು. ನುಸಿ ಕಣ್ಣಿಗೆ ಬಿದ್ದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಅದನ್ನು ಆಕೆ ವರದಿಯಲ್ಲಿ ಬರೆಯಲಿಲ್ಲ, ದಫೇದಾರನಿಗಂತೂ ಹೇಳಲೇ ಇಲ್ಲ.

*

ಬೆರಳಚ್ಚಿನ ತಜ್ಞರ ಉತ್ತರ ಬಂದ ದಿನ ಎಲ್ಲರನ್ನೂ ಹಜಾರಕ್ಕೆ ಕರೆದಳು. ತಾಯಿ ಕಿಟಕಿಯ ಬಳಿ ಕೂತಿದ್ದಳು. ಮೇಜಿನ ಮೇಲೆ ಕಿರಿಯವಳ ಕೊನೆಯ ಚಿತ್ರ.

“ಮೇಷ್ಟ್ರೇ, ನಂಗೆ ಚಿತ್ರ ಅರ್ಥ ಆಗಲ್ಲ,” ಎಂದು ಗೋಡೆಯ ಕಡೆ ತಿರುಗಿದಳು. “ನಿಮ್ಮ ಈ ಕೆಂಪು ಬೊಟ್ಟು ಏನು?”

“ಎಲೆ. ಒಂದು ಒಣಗಿದ ಎಲೆ.”

“ಈ ದೂರಕ್ಕೆ ಅಷ್ಟು ದೊಡ್ಡ ಎಲೆನಾ?”

“ಚಿತ್ರದ ತೂಕಕ್ಕೆ ಬೇಕಿತ್ತು, ಇಟ್ಟೆ.”

ದಂತವೈದ್ಯೆ ತಲೆ ಎತ್ತಿದಳು. “ಇಲ್ಲದ್ದನ್ನ ಇಟ್ರಾ? ನೀವಾ? ನಾನು ಒಂದು ಕಾಗೆ ಇಟ್ಟಿದ್ದಕ್ಕೆ ಇಡೀ ಕ್ಯಾನ್‌ವಾಸ್ ಹರಿದು ಹಾಕಿದ್ರಲ್ಲ!”

“ಮೂವತ್ತು ವರ್ಷ ಇದೇ ಪಾಠ ಹೇಳಿದ್ದೀರಿ ಸರ್,” ಎಂದ ಟೋಪಿ. ಅವನ ಮುಖದಲ್ಲಿ ಸಿಟ್ಟಿಗಿಂತ ದಿಗಿಲು ಹೆಚ್ಚಿತ್ತು. “ಇದನ್ನೂ ನೀವು ನೋಡೇ ಬರೆದಿರ್ತೀರಿ.”

ಇನ್ಸ್‌ಪೆಕ್ಟರ್ ಮುಂದುವರಿಸಿದಳು.

“ಕಿರಿಯವಳಿಗೂ ಅದೇ ಅನುಮಾನ ಬಂತು, ಆ ಕೆಂಪು ಅಕ್ಕನ ಸ್ವೆಟರಿರಬಹುದು ಅಂತ. ನಿಮ್ಮ ಚಿತ್ರದ ಬೆಳಕು ಯಾವ ಹೊತ್ತಿಂದು, ನೀವು ಎಲ್ಲಿ ಕೂತಿದ್ರಿ ಅಂತ ತಿಳಿಯೋಕೆ ದಿನಾ ಆ ಬಂಡೆ ಮೇಲೆ ಕೂತು ಬರೆದ್ಲು. ಕೆಂಪು ಇರಬೇಕಾದ ಜಾಗ ಬಿಟ್ಟು ಬರೆದ್ಲು. ಆ ಸಂಜೆ ಮೋಡ ಇರಲಿಲ್ಲ, ಬೆಳಕು ತಾಳೆ ಆಯ್ತು. ಅಕ್ಕ ಮುಳುಗಿದ ಹೊತ್ತಿಗೆ ನೀವು ಮನೇಲಿರ್ಲಿಲ್ಲ, ಬಂಡೆ ಮೇಲಿದ್ರಿ ಅಂತ ಖಾತ್ರಿ ಆಯ್ತು. ಟೋಪಿ ಹತ್ರ ಕೆಂಪು ಇಸ್ಕೊಂಡಿದ್ಲು, ಬಿಟ್ಟ ಜಾಗದಲ್ಲಿ ಅದನ್ನ ಹಾಕಿದ್ಲು. ಅದು ಹಲಗೆ ಮೇಲಿದೆ, ಕುಂಚದಲ್ಲಿದೆ, ಚಿತ್ರದಲ್ಲಿ ಮಾತ್ರ ಇಲ್ಲ. ಎಲ್ಲಿ ಹೋಯ್ತು?”

ಚಿತ್ರದ ನುಣ್ಣನೆಯ ಜಾಗಕ್ಕೆ ಬೆರಳು ತೋರಿಸಿದಳು.

“ಎಲ್ಲಾ ಕಡೆ ನುಸಿ ಅಂಟಿದೆ, ಇಲ್ಲೊಂದೇ ಕಡೆ ಇಲ್ಲ. ಅಂದ್ರೆ ಇಲ್ಲಿಯ ಬಣ್ಣ ಬಿದ್ದದ್ದು ನುಸಿ ಹೋದ ಮೇಲೆ. ಅಂಚಿನಲ್ಲಿ ಸತ್ತ ನುಸಿಗಳು ಒಂದೇ ದಿಕ್ಕಿಗೆ ಎಳೆದು ಅರೆದುಹೋಗಿವೆ. ಅರೆದದ್ದು ಕುಂಚ ಅಲ್ಲ, ಹೆಬ್ಬೆರಳು. ಅದರ ಗೆರೆಗಳು ಬಣ್ಣದಲ್ಲಿ ಅಚ್ಚಾಗಿವೆ, ಅವು ನಿಮ್ಮವೇ ಅಂತ ತಜ್ಞರು ಹೇಳಿದ್ದಾರೆ. ಬೇರೆ ಚಿತ್ರದ ಮೇಲಿದ್ರೆ ತಿದ್ದಿದ್ದೆ ಅನ್ನಬಹುದಿತ್ತು. ಇದು ಅವತ್ತೇ ಶುರು ಮಾಡಿದ ಚಿತ್ರ. ಅವತ್ತು ನೀವು ಬಂಡೆಗೆ ಕಾಲೇ ಇಡಲಿಲ್ಲ ಅಂದ್ರಿ. ನಿಮ್ಮ ಹೆಬ್ಬೆರಳು ಹೇಗೆ ಹೋಯ್ತು ಮೇಷ್ಟ್ರೇ?”

ಮೇಷ್ಟ್ರು ತಮ್ಮ ಬಲಗೈಯನ್ನು ನೋಡಿಕೊಂಡರು, ಅದು ಬೇರೆ ಯಾರದೋ ಎಂಬಂತೆ.

“ಕುಂಚದಿಂದ ಮುಚ್ಚಿ ಬಿಟ್ಟಿದ್ರೆ ಸಾಕಿತ್ತು,” ಎಂದಳು ಇನ್ಸ್‌ಪೆಕ್ಟರ್. “ಅಂಚು ಕೂಡ್ಲಿಲ್ಲ ಅಂತ ತಿದ್ದೋಕೆ ಹೋದ್ರಿ. ಸುಮ್ಮನಿರೋಕೆ ಆಗ್ಲಿಲ್ಲ ನಿಮಗೆ.”

ಆಕೆ ಟೋಪಿಗೆ ಸನ್ನೆ ಮಾಡಿದಳು. ಅವನು ಬಣ್ಣದ ಚಾಕು ತೆಗೆದುಕೊಂಡ. ಮೇಲಿನ ಬಣ್ಣ ಬೆಣ್ಣೆಯಂತೆ ದಪ್ಪವಾಗಿತ್ತು, ಇನ್ನೂ ಒಣಗಿರಲಿಲ್ಲ. ಮೆಲ್ಲಗೆ ಕೆರೆದ. ಅಡಿಯ ಕೆಂಪನ್ನು ಕಿರಿಯವಳು ಬರಿಯ ಬಟ್ಟೆಯ ಮೇಲೇ ತೆಳ್ಳಗೆ ಹಚ್ಚಿದ್ದಳು. ಅದು ಬಟ್ಟೆಗೇ ಹಿಡಿದುಕೊಂಡಿತ್ತು.

ಮೊದಲು ಒಂದು ಚುಕ್ಕೆ. ಆಮೇಲೆ ಒಂದು ತೋಳು. ಆಮೇಲೆ ಪೂರ್ತಿ ಆಕೃತಿ.

ಗೋಡೆಯ ಚಿತ್ರದಲ್ಲಿದ್ದ ಹಾಗೆ ಅದು ಬರೀ ಒಂದು ಬೊಟ್ಟಾಗಿರಲಿಲ್ಲ. ಕೆಂಪು ಸ್ವೆಟರಿನ ಒಬ್ಬಳು ಹುಡುಗಿ ಮೊಣಕಾಲುದ್ದದ ನೀರಿನಲ್ಲಿ ನೆಟ್ಟಗೆ ನಿಂತಿದ್ದಳು. ಮುಖ ಈ ಕಡೆಗಿತ್ತು.

“ಮುಚ್ಚಿ ಅದನ್ನ,” ಎಂದರು ಮೇಷ್ಟ್ರು. “ದಯವಿಟ್ಟು ಮುಚ್ಚಿ.”

ಯಾರೂ ಮುಚ್ಚಲಿಲ್ಲ.

“ಒಣಮರದ ಬುಡ ಹತ್ತಿರದಿಂದ ನೋಡ್ತೀನಿ ಅಂತ ಇಳಿದ್ಲು, ಅವಳಕ್ಕ. ಕಾಲು ಹೂತುಹೋಯ್ತು. ಸರ್ ಅಂತ ಕೂಗಿದ್ಲು. ನಾನು ಬರೀತಿದ್ದೆ. ಆ ಬೆಳಕು ನಿಲ್ಲೋದೇ ಒಂದು ಗಳಿಗೆ. ಅವಳು ಕೈ ಎತ್ತಿದ್ಲು. ಆ ನೀರಲ್ಲಿ ಕೆಂಪು ಎಷ್ಟು ಚೆನ್ನಾಗಿ ಕಂಡಿತು ಅಂದ್ರೆ... ಒಂದು ಬೊಟ್ಟು ಇಟ್ಟೆ. ಇನ್ನೊಂದು ಸಲ ತಲೆ ಎತ್ತಿದಾಗ ಬರೀ ನೀರಿತ್ತು.”

“ಕಿರಿಯವಳು?” ಇನ್ಸ್‌ಪೆಕ್ಟರ್ ಹಲ್ಲು ಕಚ್ಚಿ ಕೇಳಿದಳು.

“ಎಷ್ಟು ಬರೆದಿದ್ದಾಳೆ ನೋಡೋಣ ಅಂತ ಹೋದೆ. ನುಸಿ ಎದ್ದಿತ್ತು. ಅವಳು ಬಂಡೆಯ ಅಂಚಲ್ಲಿ ನನ್ನ ಕಡೆ ತಿರುಗಿ ನಿಂತ್ಲು. ಅಮ್ಮನಿಗೆ ಹೇಳ್ತೀನಿ ಅಂದ್ಲು. ಅದಕ್ಕೆ ನಾನು ಹೆದರ್ಲಿಲ್ಲ. ಚಿತ್ರ ನೋಡಿದೆ. ಇದೇನಿದು, ಇಲ್ಲದ್ದನ್ನ ಬರೆದಿದ್ದೀಯಾ ಅಂದೆ. ಇಲ್ಲ ಸರ್, ತಲೆ ಎತ್ತಿ ನೀರು ನೋಡಿ, ಬರ್ತಿದ್ದಾಳೆ ಅಂದ್ಲು.” ಮೇಷ್ಟ್ರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. “ಅವಳು ಕಾಣದ್ದನ್ನ ಬರೆಯೋಳಲ್ಲ. ನಾನೇ ಕಲಿಸಿದ್ದು. ತಲೆ ಎತ್ತಿ ನೋಡೋ ಧೈರ್ಯ ಬರ್ಲಿಲ್ಲ. ತಳ್ಳಿದೆ.”

ದಫೇದಾರ ಈ ಸಲ ಕೇಳದೆಯೇ ಬೇಡಿ ತೆಗೆದ. ಆ ಹೆಬ್ಬೆರಳು ತಾಗದಂತೆ ಜಾಗರೂಕತೆಯಿಂದ ಹಾಕಿದ.

*

ಜೀಪು ಹೋದ ಮೇಲೆ ಹಜಾರದಲ್ಲಿ ಇಬ್ಬರೇ ಉಳಿದರು. ಇನ್ಸ್‌ಪೆಕ್ಟರ್ ತಾಯಿಯ ಎದುರು ಕೂತಳು.

“ಒಂದು ಪ್ರಶ್ನೆ ಕೇಳಿದ್ರಿ ಅಮ್ಮ. ಇಲ್ಲ. ಇಬ್ಬರೂ ಸಾಯೋಕೆ ಅಂತ ನೀರಿಗೆ ಇಳೀಲಿಲ್ಲ. ದೊಡ್ಡವಳು ಬದುಕಬೇಕು ಅಂತ ಕೂಗಿದ್ಲು. ಆ ಕೂಗಿಗೆ ಓಗೊಟ್ಟವಳು ಚಿಕ್ಕವಳು ಒಬ್ಬಳೇ.”

ತಾಯಿ ಎದ್ದು ಮೇಜಿನ ಬಳಿ ಬಂದಳು. ಚೀಲದಿಂದ ಓದುವ ಕನ್ನಡಕ ತೆಗೆದು ಹಾಕಿಕೊಂಡಳು. ಬಹಳ ಹೊತ್ತು ಬಗ್ಗಿ ನೋಡಿದಳು. ಕೆಂಪು ಸ್ವೆಟರಿನ ಒಂದು ತೋಳು ಉದ್ದವಾಗಿ ಹುಡುಗಿಯ ಅಂಗೈ ಮುಚ್ಚಿತ್ತು.

“ಒಂದು ತೋಳು ಉದ್ದ ಹೆಣೆದುಬಿಟ್ಟೆ ಅಂತ ಜಗಳ ಆಡ್ತಿದ್ಲು,” ಎಂದಳು. “ಲೆಕ್ಕದ ಟೀಚರಿಗೆ ಮನೆ ಲೆಕ್ಕ ಬರಲ್ಲ ಅಂತ ಆಡ್ಕೊಳ್ತಿದ್ಲು. ಬಿಚ್ಚಿ ಸರಿ ಮಾಡ್ತೀನಿ ಅಂದ್ರೆ ಕೊಡ್ತಿರ್ಲಿಲ್ಲ.”

ಬೆರಳು ಚಿತ್ರದ ಹತ್ತಿರ ಹೋಗಿ, ಮುಟ್ಟದೆ, ಗಾಳಿಯಲ್ಲೇ ನಿಂತಿತು.

“ಇವಳು ಆ ಕಡೆ ಹೋಗ್ತಿಲ್ಲ ಅಲ್ವಾ?”

ಇನ್ಸ್‌ಪೆಕ್ಟರಿಗೆ ಬಂಡೆಯ ಮೇಲಿನ ಆ ಸಂಜೆ ನೆನಪಾಯಿತು. ಮರದ ಪಕ್ಕ ಕ್ಷಣಹೊತ್ತು ಕಂಡದ್ದೂ ನೆನಪಾಯಿತು.

“ಇಲ್ಲಮ್ಮ,” ಎಂದಳು. “ಈ ಕಡೆಗೇ ಬರ್ತಿದ್ದಾಳೆ.”

ತಾಯಿ ತಲೆಯಾಡಿಸಿದಳು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಕೂತುಕೊಂಡು ಆಗ ಅತ್ತಳು.